ಮನೆ ಗೆದ್ದು ಮಾರು ಗೆಲ್ಲು: ಇಸ್ರೇಲಿನ ಸಂಸತ್ತು ಕಲಿಸುವ ಶಾಂತಿಪಾಠ

ಅಕ್ಕಪಕ್ಕದ ಎರಡು ಮನೆಗಳ ನಡುವೆ ಬೇಲಿಯ ವಿಷಯದಲ್ಲಿ ಹಲವು ವರ್ಷಗಳ ಜಗಳವಿದೆ ಎಂದುಕೊಳ್ಳಿ. ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಊರ ಹಿರಿಯರೂ ಧರ್ಮಕೇಂದ್ರದ ಗುರುಗಳೂ ಸೇರಿ ಎರಡೂ ಮನೆಯ ಯಜಮಾನರನ್ನು ಎದುರುಬದುರು ಕೂರಿಸುತ್ತಾರೆ. ಗಂಟೆಗಟ್ಟಲೆ ಮಾತಾಗುತ್ತದೆ. ಕೊನೆಗೆ ಇಬ್ಬರೂ ಒಪ್ಪುತ್ತಾರೆ, ಕೈ ಹಿಡಿಯುತ್ತಾರೆ. ಎಲ್ಲರೂ ದೇವರಿಗೆ ಸ್ತೋತ್ರ ಹೇಳಿ ಮನೆಗೆ ಹೋಗುತ್ತಾರೆ.

ಆದರೆ ಯಜಮಾನ ಮನೆಗೆ ಬಂದು "ಮೂರಡಿ ಜಾಗ ಬಿಟ್ಟುಕೊಟ್ಟೆ" ಎಂದಾಗ ನಿಜವಾದ ಪಂಚಾಯಿತಿ ಆರಂಭವಾಗುತ್ತದೆ. ಮಡದಿ ಮುಖ ತಿರುಗಿಸುತ್ತಾಳೆ. ದೊಡ್ಡ ಮಗ "ಯಾರನ್ನು ಕೇಳಿ ಕೊಟ್ಟಿರಿ?" ಎನ್ನುತ್ತಾನೆ. ತಮ್ಮ ಮಾತು ಬಿಡುತ್ತಾನೆ. ಮೂಲೆಯಲ್ಲಿ ಕುಳಿತ ಅಜ್ಜಿ "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಎಂದು ಗೊಣಗುತ್ತಾಳೆ. ನೆರೆಯವನ ಜೊತೆ ಮಾಡಿಕೊಂಡ ರಾಜಿಗಿಂತ ಮನೆಯವರ ಜೊತೆ ಮಾಡಿಕೊಳ್ಳಬೇಕಾದ ರಾಜಿಯೇ ಕಷ್ಟವೆಂದು ಅವನಿಗೆ ಅಂದು ರಾತ್ರಿ ಅರಿವಾಗುತ್ತದೆ. ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ: ಮನೆ ಗೆದ್ದು ಮಾರು ಗೆಲ್ಲು.

ಈ ಗಾದೆಯ ಅರ್ಥವನ್ನು ಒಂದು ದೇಶದ ಚರಿತ್ರೆಯಲ್ಲಿ ಕಾಣಬೇಕಾದರೆ ಇಸ್ರೇಲನ್ನು ನೋಡಬೇಕು. ಜೆರುಸಲೇಮ್, ಬೆತ್ಲೆಹೇಮ್, ನಜರೇತ್ ಎಂಬ ಹೆಸರುಗಳು ನಮಗೆ ಬಾಲ್ಯದಿಂದಲೂ ಪರಿಚಿತ. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳಿಗೆ ಆ ದೇಶ ಇನ್ನೂ ಹತ್ತಿರ, ಏಕೆಂದರೆ ಮಂಗಳೂರು, ಉಡುಪಿ ಕಡೆಯ ಅನೇಕ ಸಹೋದರ ಸಹೋದರಿಯರು ಅಲ್ಲಿನ ವೃದ್ಧರ ಆರೈಕೆಯ ಕೆಲಸಕ್ಕೆ ಹೋಗಿದ್ದಾರೆ. ಪವಿತ್ರ ನಾಡಿನ ಶಾಂತಿಗಾಗಿ ನಾವು ಪ್ರಾರ್ಥಿಸುತ್ತೇವೆ. ಆದರೆ ಆ ಶಾಂತಿ ಎಲ್ಲಿ ನಿರ್ಧಾರವಾಗುತ್ತದೆ ಎಂದು ಯೋಚಿಸಿದ್ದೀರಾ? ರಣರಂಗದಲ್ಲಿ, ಸಂಧಾನದ ಮೇಜಿನಲ್ಲಿ ಎಂದು ಹೇಳುವಿರಿ. ಅದು ಸರಿಯೇ. ಆದರೆ ಇನ್ನೊಂದು ಸ್ಥಳವೂ ಇದೆ. ಅದು 120 ಆಸನಗಳ ಒಂದು ಸಭಾಗೃಹ. ಅದರ ಹೆಸರು ಕ್ನೆಸೆಟ್. ಇಂದು ನಾವು ಆ ಮನೆಯೊಳಗೆ ಇಣುಕಿ ನೋಡೋಣ.

ನೂರ ಇಪ್ಪತ್ತು ಆಸನಗಳ ಮನೆ

ಕ್ನೆಸೆಟ್ ಎಂದರೆ ಹೀಬ್ರೂ ಭಾಷೆಯಲ್ಲಿ ಸಭೆ, ಕೂಟ ಎಂದರ್ಥ. ಬಾಬಿಲೋನಿನ ಸೆರೆವಾಸದಿಂದ ಹಿಂದಿರುಗಿದ ಯೆಹೂದ್ಯರಿಗೆ 120 ಹಿರಿಯರ ಮಹಾಸಭೆಯೊಂದಿತ್ತು ಎಂಬುದು ಅವರ ಪರಂಪರೆಯ ನಂಬಿಕೆ. ಆ ಹೆಸರನ್ನೂ ಆ ಸಂಖ್ಯೆಯನ್ನೂ ಹೊಸ ದೇಶ ತನ್ನ ಸಂಸತ್ತಿಗೆ ಉಳಿಸಿಕೊಂಡಿತು. 1949ರ ಜನವರಿ 25ರಂದು ಮೊದಲ ಚುನಾವಣೆ ನಡೆಯಿತು. ಫೆಬ್ರವರಿ 14ರಂದು ಜೆರುಸಲೇಮಿನಲ್ಲಿ ಮೊದಲ ಅಧಿವೇಶನ ಸೇರಿತು. ಆ ಮೊದಲ ಸಭೆಯಲ್ಲೇ ಮೂವರು ಅರಬ್ ಸದಸ್ಯರಿದ್ದರು. ಅವರಲ್ಲಿ ಇಬ್ಬರು ಆರಿಸಿ ಬಂದದ್ದು ನಜರೇತಿನ ಹೆಸರನ್ನೇ ಹೊತ್ತ ಪಕ್ಷದಿಂದ. ಆದರೂ ಇಸ್ರೇಲಿನ ಅರಬ್ ಪ್ರಜೆಗಳು 1966ರವರೆಗೆ ಸೇನಾ ಆಡಳಿತದ ಕಟ್ಟುಪಾಡುಗಳಲ್ಲಿ ಬದುಕಬೇಕಾಯಿತು ಎಂಬುದನ್ನು ಮರೆಯಬಾರದು.

ನಮ್ಮ ಲೋಕಸಭೆಗೂ ಕ್ನೆಸೆಟ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಾವು ನಮ್ಮ ಕ್ಷೇತ್ರದ ಒಬ್ಬ ಅಭ್ಯರ್ಥಿಗೆ ಮತ ಹಾಕುತ್ತೇವೆ. ಅಲ್ಲಿ ಇಡೀ ದೇಶವೇ ಒಂದು ಕ್ಷೇತ್ರ. ಮತದಾರ ಮತ ಹಾಕುವುದು ಪಕ್ಷದ ಪಟ್ಟಿಗೆ. ನೂರಕ್ಕೆ ಎಷ್ಟು ಮತ ಬಂದಿತೋ ಅದಕ್ಕೆ ತಕ್ಕಷ್ಟು ಆಸನಗಳು. ಬಹಳ ಕಾಲ ನೂರಕ್ಕೆ ಒಂದರಷ್ಟು ಮತ ಪಡೆದ ಪಕ್ಷಕ್ಕೂ ಒಳಗೆ ಜಾಗವಿತ್ತು. ಈ ಮಿತಿಯನ್ನು ಕ್ರಮೇಣ ಏರಿಸಿ 2014ರಲ್ಲಿ 3.25ಕ್ಕೆ ತಂದರು. ಹೀಗಾಗಿ ಧರ್ಮನಿಷ್ಠರು, ಧರ್ಮದ ಗೊಡವೆ ಬೇಡವೆನ್ನುವವರು, ರಷ್ಯಾದಿಂದ ಬಂದವರು, ಅರಬ್ಬರು, ವಸಾಹತುಗಳ ಪರವಾದವರು, ವಿರುದ್ಧವಾದವರು ಎಲ್ಲರೂ ಒಂದೇ ಸೂರಿನಡಿ ಸೇರುತ್ತಾರೆ. ನಮ್ಮ ಅವಿಭಕ್ತ ಕುಟುಂಬದ ಹಾಗೆಯೇ! ಎಲ್ಲರಿಗೂ ಮಾತಿದೆ, ಎಲ್ಲರಿಗೂ ಸಿಟ್ಟೂ ಇದೆ.

ಇದರ ಫಲವೇನು? 1949ರ ಮೊದಲ ಚುನಾವಣೆಯಿಂದ 2022ರ ಚುನಾವಣೆಯವರೆಗೆ ಯಾವ ಪಕ್ಷವೂ ಒಂಟಿಯಾಗಿ 61 ಆಸನಗಳನ್ನು ಗೆಲ್ಲಲಿಲ್ಲ. ಅತಿ ಹೆಚ್ಚೆಂದರೆ 1969ರಲ್ಲಿ ಲೇಬರ್ ಪಕ್ಷದ ಕೂಟಕ್ಕೆ ಬಂದ 56. ಆದ್ದರಿಂದ ಅಲ್ಲಿನ ಪ್ರತಿಯೊಬ್ಬ ಪ್ರಧಾನಿಯೂ ಬೇರೆಯವರ ಬೆಂಬಲ ಬೇಡಿಯೇ ಕುರ್ಚಿ ಏರಿದವನು. ಐದಾರು ಸದಸ್ಯರ ಸಣ್ಣ ಪಕ್ಷ ಸಿಟ್ಟಾಗಿ ಎದ್ದು ಹೋದರೂ ಸರಕಾರ ಅಲುಗಾಡುತ್ತದೆ. ನೆರೆಯ ಅರಬ್ ದೇಶದೊಂದಿಗೆ ಒಪ್ಪಂದವಾದರೆ ಅದನ್ನು ಈ ಸದನದ ಮುಂದಿಟ್ಟು ಮತ ಕೇಳುವುದು ರೂಢಿ. ಶಾಂತಿ ಬಯಸುವ ನಾಯಕ ಮೊದಲು ಎಣಿಸಬೇಕಾದದ್ದು ಶತ್ರುವಿನ ತೋಪುಗಳನ್ನಲ್ಲ, ತನ್ನ ಮನೆಯ ಮತಗಳನ್ನು.

ವೈರಿ ಅತಿಥಿಯಾಗಿ ಬಂದಾಗ

1948ರಿಂದ 1973ರವರೆಗಿನ 25 ವರ್ಷಗಳಲ್ಲಿ ಇಸ್ರೇಲ್ ಮತ್ತು ಈಜಿಪ್ಟ್ ನಾಲ್ಕು ದೊಡ್ಡ ಯುದ್ಧಗಳನ್ನು ಮಾಡಿದವು. ಇಬ್ಬರ ಮನೆಗಳಲ್ಲೂ ಸಾವಿರಾರು ತಾಯಂದಿರು ಮಕ್ಕಳನ್ನು ಕಳೆದುಕೊಂಡರು. ಹೀಗಿರುವಾಗ 1977ರ ನವೆಂಬರ್ 19ರ ಶನಿವಾರ, ಸಬ್ಬತ್ ದಿನ ಮುಗಿದು ಕತ್ತಲಾದ ಮೇಲೆ, ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದಾತ್ ಅವರ ವಿಮಾನ ಇಸ್ರೇಲಿನಲ್ಲಿ ಇಳಿಯಿತು. ಮರುದಿನ ಅವರು ಜೆರುಸಲೇಮಿನ ಅಲ್ ಅಕ್ಸಾ ಮಸೀದಿಯಲ್ಲಿ ನಮಾಜು ಮಾಡಿದರು, ಪ್ರಭು ಯೇಸುವಿನ ಸಮಾಧಿಯ ದೇವಾಲಯಕ್ಕೂ ಹೋದರು. ಆಮೇಲೆ ಕ್ನೆಸೆಟ್‌ನ ವೇದಿಕೆ ಏರಿ ಅರಬ್ಬಿ ಭಾಷೆಯಲ್ಲಿ ಮಾತನಾಡಿದರು. ಶಾಂತಿ ಬೇಕು, ಆದರೆ 1967ರಲ್ಲಿ ಹಿಡಿದ ನೆಲವನ್ನು ಬಿಡಬೇಕು, ಪಾಲೆಸ್ತೀನಿಯರ ಹಕ್ಕನ್ನೂ ಒಪ್ಪಬೇಕು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ವೈರಿಯ ಮನೆಗೆ ಹೋಗಿ, ಅವನ ಮಕ್ಕಳೆದುರು ನಿಂತು, ಮುಲಾಜಿಲ್ಲದೆ ಮಾತನಾಡುವುದು ಎಷ್ಟು ಧೈರ್ಯದ ಕೆಲಸವೆಂದು ನೀವೇ ಊಹಿಸಿ.

ಅವರನ್ನು ಬರಮಾಡಿಕೊಂಡವರು ಯಾರು? ಶಾಂತಿವಾದಿಯೆಂದು ಹೆಸರಾದವರಲ್ಲ. ಪ್ರಧಾನಿ ಮೆನಾಹೆಮ್ ಬೆಗಿನ್ ಎಂಟು ಚುನಾವಣೆಗಳನ್ನು ಸೋತು, ಅದೇ 1977ರ ಮೇ ತಿಂಗಳಲ್ಲಿ ಮೊದಲ ಸಲ ಗೆದ್ದವರು. ಒಂದು ಅಂಗುಲ ನೆಲವನ್ನೂ ಬಿಡುವವರಲ್ಲ ಎಂದು ಎಲ್ಲರೂ ತಿಳಿದಿದ್ದ ಗಟ್ಟಿ ರಾಷ್ಟ್ರವಾದಿ. ಆದರೆ 1978ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸಮ್ಮುಖದಲ್ಲಿ, 13 ದಿನ ನಡೆದ ಮಾತುಕತೆಯ ಕೊನೆಗೆ ಅವರು ಒಪ್ಪಿದರು. ಸಿನಾಯಿ ಪರ್ಯಾಯ ದ್ವೀಪವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು. ಅಲ್ಲಿ ಕಟ್ಟಿದ ಯೆಹೂದ್ಯ ಊರುಗಳನ್ನೂ ತೆರವು ಮಾಡಬೇಕು.

ಈಗ ಮನೆಯ ಪಂಚಾಯಿತಿ. ಕ್ನೆಸೆಟ್‌ನಲ್ಲಿ ದೀರ್ಘ ಚರ್ಚೆ ನಡೆದು ಸೆಪ್ಟೆಂಬರ್ ಕೊನೆಯಲ್ಲಿ ಮತ ಹಾಕಲಾಯಿತು. ಪರವಾಗಿ 84, ವಿರುದ್ಧವಾಗಿ 19, ತಟಸ್ಥರಾಗಿ 17. ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿ. ಪ್ರಧಾನಿಯ ಸ್ವಂತ ಪಕ್ಷದ ಹಲವರು ಅವರ ಜೊತೆ ನಿಲ್ಲಲಿಲ್ಲ. ಅದೇ ಪಕ್ಷದ ಯಿಟ್ಜಾಕ್ ಶಮೀರ್ ಅಂದು ಸಭಾಧ್ಯಕ್ಷರು, ಅವರು ತಟಸ್ಥರಾದರು. ಮೋಶೆ ಆರೆನ್ಸ್ ವಿರುದ್ಧ ಮತ ಹಾಕಿದರು. ಹಾಗಾದರೆ 84 ಎಲ್ಲಿಂದ ಬಂತು? ಹಿಂದಿನ ವರ್ಷವಷ್ಟೇ ಬೆಗಿನ್ ಅವರಿಂದ ಸೋತು ಅಧಿಕಾರ ಕಳೆದುಕೊಂಡಿದ್ದ ಲೇಬರ್ ಪಕ್ಷ ವಿರೋಧಪಕ್ಷದ ಸಾಲಿನಲ್ಲಿ ಕುಳಿತೇ ಕೈ ಕೊಟ್ಟಿತು. ಸರಕಾರವನ್ನು ಮುಜುಗರಕ್ಕೆ ಸಿಲುಕಿಸುವ ಒಳ್ಳೆಯ ಅವಕಾಶವಿದ್ದರೂ ಅದರ ಬಹುತೇಕ ಸದಸ್ಯರು ಶಾಂತಿಯ ಪರ ನಿಂತರು. 1979ರ ಮಾರ್ಚಿನಲ್ಲಿ ಪೂರ್ಣ ಒಪ್ಪಂದ ಸದನದ ಮುಂದೆ ಬಂದಾಗ 95 ಮಂದಿ ಒಪ್ಪಿದರು, 18 ಮಂದಿ ವಿರೋಧಿಸಿದರು. ಮಾರ್ಚ್ 26ರಂದು ವಾಷಿಂಗ್ಟನ್ನಿನಲ್ಲಿ ಸಹಿ ಬಿತ್ತು.

ಬೆಲೆಯನ್ನು ಇಬ್ಬರೂ ತೆತ್ತರು. ಅರಬ್ ಲೀಗ್ ಈಜಿಪ್ಟನ್ನು ಹೊರಗಿಟ್ಟಿತು. 1981ರ ಅಕ್ಟೋಬರ್ 6ರಂದು ಸಾದಾತ್ ಅವರನ್ನು ಅವರದೇ ಸೈನ್ಯದೊಳಗಿನ ಉಗ್ರರು ಕೊಂದರು. ಇಸ್ರೇಲಿನಲ್ಲಿ 1982ರ ಏಪ್ರಿಲಿನಲ್ಲಿ ಸಿನಾಯಿಯ ಯಮಿತ್ ಎಂಬ ಊರಿನ ಜನರನ್ನು ಇಸ್ರೇಲಿನ ಸೈನಿಕರೇ ಎಬ್ಬಿಸಿ ಹೊರಗೆ ಕಳಿಸಿ ಮನೆಗಳನ್ನು ಕೆಡವಬೇಕಾಯಿತು. ಆದರೆ ಆ ಎರಡು ದೇಶಗಳ ನಡುವೆ ಆಮೇಲೆ ಯುದ್ಧವಾಗಲಿಲ್ಲ. ಪ್ರೀತಿ ಬೆಳೆಯಿತೆಂದು ಹೇಳಲಾಗದು. ಆದರೆ ಶವಪೆಟ್ಟಿಗೆಗಳು ನಿಂತವು. ತಾಯಂದಿರನ್ನು ಕೇಳಿದರೆ ಅದು ಸಣ್ಣ ವಿಷಯವಲ್ಲ.

ಅರವತ್ತೊಂದು ಮತ್ತು ಐವತ್ತೊಂಬತ್ತು

ಇನ್ನು ಎರಡನೆಯ ಅಧ್ಯಾಯ. 1992ರ ಜೂನ್ ಚುನಾವಣೆಯಲ್ಲಿ ಯಿಟ್ಜಾಕ್ ರಾಬಿನ್ ಅವರ ಲೇಬರ್ ಪಕ್ಷಕ್ಕೆ 44 ಆಸನ ಬಂತು. ಮೆರೆಟ್ಸ್ ಪಕ್ಷದ 12, ಧರ್ಮನಿಷ್ಠರ ಶಾಸ್ ಪಕ್ಷದ 6 ಸೇರಿ 62. ಹೆಚ್ಚಾಗಿ ಅರಬ್ ಮತದಾರರೇ ಆರಿಸಿದ ಎರಡು ಪಕ್ಷಗಳ ಐವರು ಸದಸ್ಯರು ಸರಕಾರದ ಹೊರಗೆ ನಿಂತು ಬೆಂಬಲಿಸಿದರು. ರಾಬಿನ್ ಕೂಡ ಸೌಮ್ಯ ಸಾಧುಗಳೇನಲ್ಲ. 1967ರ ಯುದ್ಧದಲ್ಲಿ ಸೇನೆಯ ಮುಖ್ಯಸ್ಥರಾಗಿದ್ದವರು. ಯುದ್ಧ ಗೊತ್ತಿದ್ದವರು ಎಂಬ ಕಾರಣಕ್ಕೇ ಅವರ ಶಾಂತಿಯ ಮಾತನ್ನು ಜನ ಕೇಳಿದರು.

ನಾರ್ವೆಯ ಓಸ್ಲೋದಲ್ಲಿ ಗುಟ್ಟಾಗಿ ನಡೆದ ಮಾತುಕತೆಯ ಫಲವಾಗಿ 1993ರ ಸೆಪ್ಟೆಂಬರ್ 13ರಂದು ವಾಷಿಂಗ್ಟನ್ನಿನಲ್ಲಿ ರಾಬಿನ್ ಮತ್ತು ಪಾಲೆಸ್ತೀನ್ ವಿಮೋಚನಾ ಸಂಘಟನೆಯ ಯಾಸರ್ ಅರಾಫತ್ ಕೈ ಕುಲುಕಿದರು. ಆ ಚಿತ್ರವನ್ನು ಜಗತ್ತೆಲ್ಲ ನೋಡಿತು. ಹತ್ತು ದಿನಗಳ ನಂತರ ಕ್ನೆಸೆಟ್‌ನಲ್ಲಿ ನಡೆದ ಮತದಾನವನ್ನು ಅಷ್ಟಾಗಿ ಯಾರೂ ನೋಡಲಿಲ್ಲ. ಪರವಾಗಿ 61, ವಿರುದ್ಧವಾಗಿ 50, ತಟಸ್ಥರು 8. ಅದೇ ತಿಂಗಳು ಶಾಸ್ ಪಕ್ಷ ತನ್ನ ನಾಯಕನ ಮೇಲಿನ ಭ್ರಷ್ಟಾಚಾರದ ಮೊಕದ್ದಮೆಯ ಹಿನ್ನೆಲೆಯಲ್ಲಿ ಸರಕಾರ ಬಿಟ್ಟಿತ್ತು. 62 ಇದ್ದದ್ದು 56ಕ್ಕೆ ಇಳಿದಿತ್ತು. ಹೊರಗಿನಿಂದ ಬೆಂಬಲಿಸಿದ ಆ ಐವರು ಇಲ್ಲದಿದ್ದರೆ ಒಪ್ಪಂದಕ್ಕೆ 61 ಮತಗಳು ಸಿಗುತ್ತಿರಲಿಲ್ಲ.

ಆಗ ವಿರೋಧಿಗಳು ಒಂದು ಮಾತು ತೆಗೆದರು: ಇದು ಯೆಹೂದ್ಯರ ಬಹುಮತವಲ್ಲ, ಅರಬ್ಬರ ಮತ ಸೇರಿಸಿ ಮಾಡಿದ ಬಹುಮತ. ಅಂದರೆ, ಒಂದೇ ದೇಶದ ಪ್ರಜೆಯ ಮತ ಹುಟ್ಟಿನ ಕಾರಣಕ್ಕೆ ಅರ್ಧ ಮತವಾಯಿತು! ಓದುಗರೇ, ಈ ಮಾತು ನಮಗೆ ದೂರದ್ದಲ್ಲ. ಅಲ್ಪಸಂಖ್ಯಾತರ ಮತದಿಂದ ಗೆದ್ದವರು ಎಂಬ ಮೂದಲಿಕೆಯನ್ನು ನಾವೂ ಕೇಳಿದ್ದೇವೆ. ಪ್ರಭು ಹೇಳಿದ ಸಾಮತಿಯೆ ಹಾಗೂ ಒಳ್ಳೆಯ ಸಮಾರಿತನ ಕಥೆಯೂ ನಮಗೆ ಗೊತ್ತು. ದಾರಿಯಲ್ಲಿ ಬಿದ್ದವನನ್ನು ಎತ್ತಿದ ಕೈ ಯಾವ ಕುಲದ್ದು ಎಂದು ಕೇಳುವವನು ಗಾಯವನ್ನು ಮರೆತಿದ್ದಾನೆ.

ಮುಂದಿನ ವರ್ಷ ಬೇರೆಯೇ ದೃಶ್ಯ. 1994ರ ಅಕ್ಟೋಬರಿನಲ್ಲಿ ಜೋರ್ಡನ್ ದೇಶದ ಒಪ್ಪಂದ ಸದನಕ್ಕೆ ಬಂದಾಗ 105 ಮಂದಿ ಪರ, ಮೂವರು ಮಾತ್ರ ವಿರುದ್ಧ. ಮರುದಿನ ಅಕ್ಟೋಬರ್ 26ರಂದು ಎರಡು ದೇಶಗಳ ಗಡಿಯ ಮರಳುಗಾಡಿನಲ್ಲಿ ಸಹಿಯಾಯಿತು. ಏಕೆ ಇಷ್ಟು ಸುಲಭ? ಬಿಟ್ಟುಕೊಡಬೇಕಾದ ನೆಲ ಕಡಿಮೆ, ಎಬ್ಬಿಸಬೇಕಾದ ಊರುಗಳಿಲ್ಲ, ದೊರೆ ಹುಸೇನರ ಮೇಲೆ ಇಸ್ರೇಲಿನ ಜನರಿಗೆ ವಿಶ್ವಾಸವೂ ಇತ್ತು. ಕೊಡುವುದು ಕಡಿಮೆಯಿದ್ದಾಗ ಶಾಂತಿಗೆ ಮತ ಹಾಕುವುದು ಎಲ್ಲರಿಗೂ ಸುಲಭ.

ಪಾಲೆಸ್ತೀನಿಯರ ವಿಷಯ ಹಾಗಲ್ಲ. ಅಲ್ಲಿ ಪ್ರಶ್ನೆ ಮನೆಯಂಗಳದ್ದು. ಎರಡೂ ಕಡೆಯ ಹಿಂಸೆ ಆ ಹೊತ್ತಿಗೆ ಒಪ್ಪಂದವನ್ನು ಕಡಿಯುತ್ತಲೇ ಇತ್ತು. 1994ರ ಫೆಬ್ರವರಿ 25ರಂದು ಹೆಬ್ರೋನಿನಲ್ಲಿ, ಪಿತಾಮಹ ಅಬ್ರಹಾಮರ ಸಮಾಧಿಸ್ಥಳದಲ್ಲಿ, ಒಬ್ಬ ಯೆಹೂದ್ಯ ಉಗ್ರವಾದಿ ನಮಾಜು ಮಾಡುತ್ತಿದ್ದ 29 ಮುಸ್ಲಿಮರನ್ನು ಗುಂಡಿಟ್ಟು ಕೊಂದನು. ಏಪ್ರಿಲಿನಿಂದ ಹಮಾಸ್ ಸಂಘಟನೆಯವರು ಇಸ್ರೇಲಿನ ಬಸ್ಸುಗಳಲ್ಲಿ ಆತ್ಮಾಹುತಿ ಬಾಂಬುಗಳನ್ನು ಸಿಡಿಸತೊಡಗಿದರು. ಇಂಥ ಹೊತ್ತಿನಲ್ಲಿ 1995ರ ಅಕ್ಟೋಬರ್ 5ರಂದು ಎರಡನೆಯ ಓಸ್ಲೋ ಒಪ್ಪಂದ ಸದನದ ಮುಂದೆ ಬಂತು. ಚರ್ಚೆ ರಾತ್ರಿಯೆಲ್ಲ ನಡೆಯಿತು. ಫಲಿತಾಂಶ: ಪರ 61, ವಿರುದ್ಧ 59. ರಾಬಿನ್ ಅವರ ಪಕ್ಷದ ಇಬ್ಬರೇ ವಿರುದ್ಧ ಮತ ಹಾಕಿದರು. ಬಲಪಂಥೀಯ ಪಕ್ಷವೊಂದನ್ನು ಬಿಟ್ಟು ಬಂದು, ಸರಕಾರದಲ್ಲಿ ಸ್ಥಾನ ಪಡೆದಿದ್ದ ಇಬ್ಬರ ಮತ ಬಂದುದರಿಂದ ಒಪ್ಪಂದ ಉಳಿಯಿತು. ಹುದ್ದೆ ಕೊಟ್ಟು ಪಡೆದ ಮತಗಳಿಂದ ಬಂದ ಶಾಂತಿಯೆಂದು ವಿರೋಧಿಗಳು ಹೀಯಾಳಿಸಿದರು. ಶಾಂತಿಯ ದಾರಿಯಲ್ಲಿ ಎಲ್ಲರ ಕೈಯೂ ಶುಭ್ರವಾಗಿರುವುದಿಲ್ಲ ಎಂಬುದೂ ಒಂದು ಕಹಿ ಸತ್ಯ.

ಅಂದು ಸಂಜೆ ಜೆರುಸಲೇಮಿನ ಬೀದಿಯಲ್ಲಿ ಸೇರಿದ್ದ ವಿರೋಧಿಗಳ ಸಭೆಯಲ್ಲಿ ರಾಬಿನ್ ಅವರಿಗೆ ನಾಜಿ ಸಮವಸ್ತ್ರ ತೊಡಿಸಿದ ಚಿತ್ರಗಳು ಹರಿದಾಡಿದವು. ದ್ರೋಹಿ ಎಂಬ ಕೂಗು ಕೇಳಿಸಿತು. ಒಂದು ತಿಂಗಳೂ ಕಳೆಯಲಿಲ್ಲ. ನವೆಂಬರ್ 4ರ ಶನಿವಾರ ರಾತ್ರಿ ಟೆಲ್ ಅವೀವ್‌ನಲ್ಲಿ ನಡೆದ ಶಾಂತಿ ಸಭೆಯಲ್ಲಿ ರಾಬಿನ್ ಎಲ್ಲರೊಂದಿಗೆ ಶಾಂತಿಗೀತೆಗೆ ದನಿಗೂಡಿಸಿ, ಹಾಡಿನ ಹಾಳೆಯನ್ನು ಮಡಚಿ ಕಿಸೆಗೆ ಹಾಕಿ ಕೆಳಗಿಳಿದರು. ಕಾರಿನ ಬಳಿ ಒಬ್ಬ ಯೆಹೂದ್ಯ ಯುವಕ ಅವರಿಗೆ ಗುಂಡು ಹಾರಿಸಿದನು. ಅವನು ಕಾನೂನು ಓದುತ್ತಿದ್ದ ವಿದ್ಯಾರ್ಥಿ. ಧರ್ಮದ ಹೆಸರಿನಲ್ಲೇ ಹಾಗೆ ಮಾಡಿದೆನೆಂದನು. ಆ ಹಾಡಿನ ಹಾಳೆ ರಕ್ತದಲ್ಲಿ ತೊಯ್ದಿತ್ತು. ಸಾದಾತ್ ಅವರಂತೆಯೇ ರಾಬಿನ್ ಅವರನ್ನೂ ಕೊಂದದ್ದು ಎದುರುಪಾಳೆಯದವನಲ್ಲ, ಸ್ವಂತ ಮನೆಯವನು.

ನಂತರ ಪ್ರಧಾನಿಯಾದ ಶಿಮೊನ್ ಪೆರೆಸ್ 1996ರ ಮೇ ತಿಂಗಳ ಚುನಾವಣೆಯಲ್ಲಿ ಬೆಂಜಮಿನ್ ನೆತನ್ಯಾಹು ಅವರಿಗೆ ಸುಮಾರು 30 ಸಾವಿರ ಮತಗಳಿಂದ ಸೋತರು. ಆ ವರ್ಷದ ಆರಂಭದಲ್ಲಿ ಸಿಡಿದ ಬಾಂಬುಗಳು ಜನರ ಮನಸ್ಸನ್ನು ತಿರುಗಿಸಿದ್ದವು. ನೋಡಿ, ಬಸ್ಸಿನಲ್ಲಿ ಸಿಡಿದ ಬಾಂಬು ಮತಪೆಟ್ಟಿಗೆಯಲ್ಲೂ ಸಿಡಿಯುತ್ತದೆ. ಶಾಂತಿಯನ್ನು ಒಲ್ಲದ ಎರಡೂ ಕಡೆಯ ಉಗ್ರರು ಪರಸ್ಪರ ಮಾತನಾಡದೆಯೇ ಒಬ್ಬರಿಗೊಬ್ಬರು ನೆರವಾಗುತ್ತಾರೆ.

ದೊರೆ ಮಂಡಿಯೂರಿದ ದಿನ

ಇಲ್ಲಿ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗಲಾರೆ. 1997ರ ಮಾರ್ಚ್ 13ರಂದು ಜೋರ್ಡನ್ ಗಡಿಯ ನಹರಾಯಿಮ್ ಎಂಬಲ್ಲಿಗೆ ಇಸ್ರೇಲಿನ ಶಾಲಾ ಬಾಲಕಿಯರು ಪ್ರವಾಸ ಬಂದಿದ್ದರು. ಆ ಸ್ಥಳಕ್ಕೆ ಶಾಂತಿಯ ದ್ವೀಪ ಎಂದೇ ಹೆಸರು. ಜೋರ್ಡನ್ನಿನ ಒಬ್ಬ ಸೈನಿಕ ಗುಂಡು ಹಾರಿಸಿ ಏಳು ಬಾಲಕಿಯರನ್ನು ಕೊಂದನು. ಮೂರು ದಿನಗಳ ನಂತರ ದೊರೆ ಹುಸೇನ್ ಗಡಿ ದಾಟಿ ಬಂದರು. ಒಂದೊಂದು ಮನೆಗೂ ಹೋದರು. ನೆಲದ ಮೇಲೆ ಕುಳಿತು ದುಃಖಿಸುತ್ತಿದ್ದ ತಂದೆತಾಯಿಗಳ ಮುಂದೆ ಮಂಡಿಯೂರಿ, ಅವರ ಕೈ ಹಿಡಿದು ಕ್ಷಮೆ ಬೇಡಿದರು.

ಒಬ್ಬ ದೊರೆ, ಅದೂ ಮುಸ್ಲಿಂ ದೊರೆ, ಯೆಹೂದ್ಯ ತಾಯಂದಿರ ಮುಂದೆ ಮಂಡಿಯೂರಿದ್ದು ಅವರದೇ ದೇಶದಲ್ಲಿ ಎಲ್ಲರಿಗೂ ಹಿಡಿಸಲಿಲ್ಲ. ಆದರೆ ಎರಡೂವರೆ ವರ್ಷಗಳ ಹಿಂದೆ ಕ್ನೆಸೆಟ್ 105 ಮತಗಳಿಂದ ಒಪ್ಪಿದ ಕಾಗದ ಅಂದು ಜೀವ ಪಡೆಯಿತು. ಮತ ಎಣಿಸಿ ಮಾಡಿದ ಶಾಂತಿಯನ್ನು ಉಳಿಸುವುದು ಮಂಡಿಯೂರುವ ದೀನತೆ.

ಮುಂದೇನಾಯಿತು?

ಕಥೆ ಅಲ್ಲಿಗೆ ನಿಲ್ಲಲಿಲ್ಲ. 1998ರಲ್ಲಿ ನೆತನ್ಯಾಹು ಅವರೇ ವೈ ನದಿಯ ಬಳಿ ಅರಾಫತ್ ಅವರೊಂದಿಗೆ ಇನ್ನೊಂದು ಒಪ್ಪಂದಕ್ಕೆ ಸಹಿ ಹಾಕಿದರು. ಕ್ನೆಸೆಟ್ 75ಕ್ಕೆ 19 ಮತಗಳಿಂದ ಒಪ್ಪಿತು. ಆದರೆ ಅವರ ಬಲಪಂಥೀಯ ಮಿತ್ರರೇ ಮುನಿದರು, ಸರಕಾರ ಉಳಿಯಲಿಲ್ಲ, 1999ರ ಚುನಾವಣೆಯಲ್ಲಿ ಅವರು ಸೋತರು.

ಏರಿಯಲ್ ಶೆರೋನ್ ವಸಾಹತುಗಳ ದೊಡ್ಡ ಪೋಷಕರು. 1982ರಲ್ಲಿ ರಕ್ಷಣಾ ಮಂತ್ರಿಯಾಗಿ ಯಮಿತ್ ಊರನ್ನು ಕೆಡವಿಸಿದವರೂ ಅವರೇ. ಪ್ರಧಾನಿಯಾದ ಮೇಲೆ 2004ರ ಅಕ್ಟೋಬರ್ 26ರಂದು ಗಾಜಾದಿಂದ ಹೊರಬರುವ ಯೋಜನೆಯನ್ನು ಸದನದ ಮುಂದಿಟ್ಟರು. 67 ಪರ, 45 ವಿರುದ್ಧ. ಸ್ವಂತ ಪಕ್ಷ ಒಡೆದುಹೋಯಿತು. ಮತ್ತೆ ಲೇಬರ್ ಪಕ್ಷದ ಮತಗಳೇ ಕೈಹಿಡಿದವು. 2005ರ ಆಗಸ್ಟ್‌ನಲ್ಲಿ ಗಾಜಾದ 21 ವಸಾಹತುಗಳು ತೆರವಾದವು. ಆದರೆ ಇದು ನೆರೆಯವನೊಂದಿಗೆ ಕುಳಿತು ಮಾಡಿದ ಒಪ್ಪಂದವಾಗಿರಲಿಲ್ಲ. ಒಬ್ಬನೇ ತೀರ್ಮಾನಿಸಿ ಹೊರಬಂದದ್ದು. 2007ರಲ್ಲಿ ಗಾಜಾ ಹಮಾಸ್‌ನ ಕೈಗೆ ಹೋಯಿತು, ಇಸ್ರೇಲ್ ಮತ್ತು ಈಜಿಪ್ಟ್ ದಿಗ್ಬಂಧನ ಹಾಕಿದವು. ಮಾತಿಲ್ಲದೆ ಬೇಲಿ ಕಿತ್ತರೂ ಜಗಳ ಮುಗಿಯುವುದಿಲ್ಲ.

2020ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದೊಂದಿಗಿನ ಒಪ್ಪಂದವನ್ನು ಕ್ನೆಸೆಟ್ 80ಕ್ಕೆ 13 ಮತಗಳಿಂದ ಒಪ್ಪಿತು. 2021ರ ಜೂನ್ 13ರಂದು 60ಕ್ಕೆ 59 ಮತಗಳಿಂದ ಒಂದು ವಿಚಿತ್ರ ಸರಕಾರ ರಚನೆಯಾಯಿತು. ಅದರಲ್ಲಿ ಬಲಪಂಥೀಯರೂ ಎಡಪಂಥೀಯರೂ ಇದ್ದರು. ಮನ್ಸೂರ್ ಅಬ್ಬಾಸ್ ಅವರ ಸ್ವತಂತ್ರ ಅರಬ್ ಪಕ್ಷವೊಂದು ಸರಕಾರದ ಒಪ್ಪಂದಕ್ಕೆ ಸಹಿ ಹಾಕಿ ಪಾಲುದಾರನಾದದ್ದು ಅದೇ ಮೊದಲು. 1993ರಲ್ಲಿ ಹೊರಗೆ ನಿಂತು ಬೆಂಬಲಿಸಿದವರ ನಂತರದ ಪೀಳಿಗೆ ಒಳಗೆ ಕಾಲಿಟ್ಟಿತು. ಆ ಸರಕಾರ ಒಂದು ವರ್ಷವಷ್ಟೇ ಬಾಳಿತು.

2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದು 251 ಜನರನ್ನು ಒತ್ತೆಯಾಗಿ ಒಯ್ದಿತು. ಸತ್ತವರಲ್ಲಿ ದುಡಿಯಲು ಬಂದಿದ್ದ ಪರದೇಶದವರೂ ಇದ್ದರು. ಆ ದಿನಗಳಲ್ಲಿ ನಮ್ಮ ಕರಾವಳಿಯ ಎಷ್ಟು ಮನೆಗಳಲ್ಲಿ ಫೋನಿನ ಪಕ್ಕದಲ್ಲೇ ಕುಳಿತು ಜಪಸರ ಹೇಳಿದರೋ ದೇವರಿಗೇ ಗೊತ್ತು. ನಂತರ ಇಸ್ರೇಲ್ ಗಾಜಾದ ಮೇಲೆ ನಡೆಸಿದ ಯುದ್ಧದಲ್ಲಿ, ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಂತೆ, 2025ರ ಅಕ್ಟೋಬರಿನಲ್ಲಿ ಕದನವಿರಾಮವಾಗುವ ಹೊತ್ತಿಗೆ 67 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ ಸಾವಿರಾರು ಮಂದಿ ಮಕ್ಕಳು. ಈ ನಡುವೆ 2024ರ ಜುಲೈ 18ರಂದು ಕ್ನೆಸೆಟ್ ಪಾಲೆಸ್ತೀನ್ ರಾಜ್ಯ ಸ್ಥಾಪನೆಯನ್ನು ವಿರೋಧಿಸುವ ನಿರ್ಣಯವನ್ನು 68ಕ್ಕೆ 9 ಮತಗಳಿಂದ ಅಂಗೀಕರಿಸಿತು. 1993ರಲ್ಲಿ 61 ಮತ ಕೂಡಿದ್ದ ಅದೇ ಸದನ! ಭಯ ಮತ್ತು ಗಾಯ ಒಂದು ಮನೆಯನ್ನು ಎಷ್ಟು ಬದಲಿಸಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಇಸ್ರೇಲಿನೊಳಗಿನ ಅರಬ್ ಪ್ರಜೆಗಳಿಗೆ ಕ್ನೆಸೆಟ್ ಚುನಾವಣೆಯಲ್ಲಿ ಮತವಿದೆ. ಪಶ್ಚಿಮ ದಂಡೆ ಮತ್ತು ಗಾಜಾದ ಪಾಲೆಸ್ತೀನಿಯರಿಗೆ ಇಲ್ಲ. ಆದರೂ ಅವರ ರಸ್ತೆ, ನೀರು, ಗಡಿಗಳ ತೀರ್ಮಾನ ಬಹುಮಟ್ಟಿಗೆ ಅಲ್ಲೇ ಆಗುತ್ತದೆ. ಅವರದೇ ಶಾಸನಸಭೆಗೆ 1996 ಮತ್ತು 2006ರಲ್ಲಿ ಚುನಾವಣೆ ನಡೆಯಿತು. ಆಮೇಲೆ 2025 ಕಳೆಯುವವರೆಗೂ ನಡೆಯಲಿಲ್ಲ. ಆ ಮನೆಯವರನ್ನು ಕೇಳಿದವರೇ ಇಲ್ಲ. ಒಂದು ಮನೆಯಲ್ಲಿ ಗದ್ದಲ, ಇನ್ನೊಂದು ಮನೆಯಲ್ಲಿ ಬೀಗ. ಹೀಗಿರುವಾಗ ಬೇಲಿಯ ರಾಜಿ ಹೇಗೆ ನಿಲ್ಲಬೇಕು?

ಧರ್ಮಸಭೆ ಮಾಡಿದ್ದೇನು?

ನಮ್ಮ ಧರ್ಮಸಭೆ ಇದನ್ನೆಲ್ಲ ದೂರದಿಂದ ನೋಡುತ್ತ ಕುಳಿತಿರಲಿಲ್ಲ. ಓಸ್ಲೋ ಒಪ್ಪಂದವಾದ ವರ್ಷವೇ, 1993ರ ಡಿಸೆಂಬರ್ 30ರಂದು, ವ್ಯಾಟಿಕನ್ ಮತ್ತು ಇಸ್ರೇಲ್ ಜೆರುಸಲೇಮಿನಲ್ಲಿ ಮೂಲ ಒಪ್ಪಂದಕ್ಕೆ ಸಹಿ ಹಾಕಿದವು. 2000ದ ಮಾರ್ಚಿನಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಜೆರುಸಲೇಮಿನ ಪಶ್ಚಿಮ ಗೋಡೆಯ ಬಿರುಕಿನಲ್ಲಿ ಯೆಹೂದ್ಯರಿಗಾದ ನೋವಿಗೆ ಕ್ಷಮೆ ಬೇಡುವ ಪ್ರಾರ್ಥನೆಯ ಚೀಟಿಯನ್ನು ಇಟ್ಟರು. ಅದೇ ಯಾತ್ರೆಯಲ್ಲಿ ಬೆತ್ಲೆಹೇಮಿನ ಬಳಿ ಪಾಲೆಸ್ತೀನಿ ನಿರಾಶ್ರಿತರ ಶಿಬಿರಕ್ಕೂ ಹೋದರು. 2014ರ ಜೂನ್ 8ರಂದು, ಪವಿತ್ರಾತ್ಮರ ಆಗಮನದ ಹಬ್ಬದಂದು, ಜಗದ್ಗುರು ಫ್ರಾನ್ಸಿಸ್ ಅವರ ಆಹ್ವಾನದ ಮೇರೆಗೆ ಶಿಮೊನ್ ಪೆರೆಸ್ ಮತ್ತು ಪಾಲೆಸ್ತೀನಿಯರ ಅಧ್ಯಕ್ಷ ಮಹಮೂದ್ ಅಬ್ಬಾಸ್ ವ್ಯಾಟಿಕನ್ನಿನ ಉದ್ಯಾನದಲ್ಲಿ ಒಟ್ಟಿಗೆ ಪ್ರಾರ್ಥಿಸಿದರು.

ಒಂದು ತಿಂಗಳಲ್ಲೇ ಗಾಜಾದಲ್ಲಿ ಯುದ್ಧ ಆರಂಭವಾಯಿತು. ಹಾಗಾದರೆ ಪ್ರಾರ್ಥನೆ ವ್ಯರ್ಥವಾಯಿತೇ? ಹಾಗೆನ್ನಲಾಗದು. ಆದರೆ ಇಬ್ಬರು ಮುದುಕರು ತೋಟದಲ್ಲಿ ಪ್ರಾರ್ಥಿಸಿದರೆ ಸಾಲದು, ಅವರವರ ಮನೆಮಂದಿಯೂ ಅದಕ್ಕೆ ಆಮೆನ್ ಎನ್ನಬೇಕು. 2023ರ ಅಕ್ಟೋಬರಿನಿಂದ 2025ರ ಏಪ್ರಿಲಿನಲ್ಲಿ ತೀರಿಕೊಳ್ಳುವವರೆಗೆ ಅದೇ ಜಗದ್ಗುರು ಗಾಜಾದ ಪವಿತ್ರ ಕುಟುಂಬ ಧರ್ಮಕೇಂದ್ರಕ್ಕೆ ಹೆಚ್ಚುಕಡಿಮೆ ಪ್ರತಿ ಸಂಜೆ ಫೋನು ಮಾಡಿ, ಅಲ್ಲಿ ಆಶ್ರಯ ಪಡೆದವರು ಏನು ಉಂಡರು, ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದರು. ಒಪ್ಪಂದ ಮಾಡಿಸುವ ಶಕ್ತಿ ಇಲ್ಲದಾಗಲೂ ಮಾಡಬಹುದಾದ ಕೆಲಸ ಅದು.

ನಮ್ಮ ಮನೆಗೆ ಪಾಠ

ಪ್ರಿಯ ಓದುಗರೇ, ಈ ಚರಿತ್ರೆಯಿಂದ ಮೂರು ಮಾತುಗಳನ್ನು ಮನಸ್ಸಿನಲ್ಲಿಡೋಣ.

ಮೊದಲನೆಯದು, ಶಾಂತಿ ಮಾಡುವವನು ತನ್ನವರನ್ನು ಒಪ್ಪಿಸಬೇಕು. ನೆರೆಯವನೊಂದಿಗೆ ರಾಜಿಗೆ ಹೋಗುವ ಮೊದಲು ಮಡದಿ ಮಕ್ಕಳನ್ನು, ಒಡಹುಟ್ಟಿದವರನ್ನು ಕೂರಿಸಿ ಮಾತನಾಡಬೇಕು. ಅವರ ಭಯವೇನೆಂದು ಕೇಳಬೇಕು. ಅವರನ್ನು ಬದಿಗೊತ್ತಿ ಮಾಡಿದ ರಾಜಿ ಅಂಗಳದಲ್ಲೇ ಮುರಿಯುತ್ತದೆ.

ಎರಡನೆಯದು, ಎದುರಾಳಿಯ ಒಳ್ಳೆಯ ಕೆಲಸಕ್ಕೆ ಕೈ ಜೋಡಿಸಬೇಕು. 1978ರಲ್ಲಿ ಸೋತ ಪಕ್ಷ ಗೆದ್ದವರ ಶಾಂತಿಗೆ ಮತ ಹಾಕಿತು. ಕೀರ್ತಿ ಬೇರೆಯವರಿಗೆ ಹೋಗುತ್ತದೆಂದು ಗೊತ್ತಿದ್ದೂ ಹಾಕಿತು. ನಮ್ಮ ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲಿ, ಕುಟುಂಬದ ಆಸ್ತಿಯ ಮಾತುಕತೆಯಲ್ಲಿ ನಾವು ಅಷ್ಟು ದೊಡ್ಡ ಮನಸ್ಸು ಮಾಡುತ್ತೇವೆಯೇ?

ಮೂರನೆಯದು, ಮಾತು ಕೊಲ್ಲುತ್ತದೆ. ದ್ರೋಹಿ ಎಂದು ಕೂಗಿದವರೆಲ್ಲ ಗುಂಡು ಹಾರಿಸಲಿಲ್ಲ; ಆದರೆ ಗುಂಡು ಹಾರಿಸಿದವನು ಆ ಕೂಗನ್ನು ಕೇಳಿ ಬೆಳೆದಿದ್ದನು. ಊಟದ ಹೊತ್ತಿನಲ್ಲಿ ಬೇರೆ ಧರ್ಮದವರ ಬಗ್ಗೆ, ಬೇರೆ ಜಾತಿಯವರ ಬಗ್ಗೆ, ಪಕ್ಕದ ಮನೆಯವರ ಬಗ್ಗೆ ನಾವಾಡುವ ಮಾತನ್ನು ನಮ್ಮ ಮಕ್ಕಳು ಕೇಳುತ್ತಿರುತ್ತಾರೆ.

ಬೆಟ್ಟದ ಮೇಲೆ ಪ್ರಭು ಧನ್ಯರೆಂದು ಕರೆದದ್ದು ಶಾಂತಿಯನ್ನು ಬಯಸುವವರನ್ನಲ್ಲ, ಅದನ್ನು ಉಂಟುಮಾಡುವವರನ್ನು. ಬಯಸಲು ಖರ್ಚಿಲ್ಲ. ಉಂಟುಮಾಡಲು ಒಂದೊಂದೇ ಮತವನ್ನು, ಒಂದೊಂದೇ ಮನಸ್ಸನ್ನು ಗೆಲ್ಲಬೇಕು. ಮುಂದಿನ ಸಲ ಪವಿತ್ರ ನಾಡಿಗಾಗಿ ಪ್ರಾರ್ಥಿಸುವಾಗ ಆ 120 ಆಸನಗಳ ಮನೆಯನ್ನೂ, ಬೀಗ ಬಿದ್ದ ಪಕ್ಕದ ಮನೆಯನ್ನೂ ನೆನೆಯಿರಿ. ಎರಡೂ ಕಡೆ ಶಾಂತಿಗೆ ಮತ ಹಾಕುವ ಧೈರ್ಯದವರು ಹುಟ್ಟಿಬರಲಿ ಎಂದು ಬೇಡಿಕೊಳ್ಳಿ.

ಮನೆಯಲ್ಲಿ ಒಟ್ಟಾಗಿ ಚಿಂತಿಸಲು

1. ನಮ್ಮ ಕುಟುಂಬದಲ್ಲಿ ಯಾರಾದರೂ ರಾಜಿಗೆ ಮುಂದಾದಾಗ ನಾವು ಅವರ ಬೆನ್ನಿಗೆ ನಿಂತೆವೋ, ಇಲ್ಲವೇ ಅವರನ್ನು ಕೋಡಂಗಿ ಮಾಡಿದೆವೋ?

2. ಯಾರ ಸಹಾಯವನ್ನು ನಾವು ಅವರ ಹುಟ್ಟಿನ ಕಾರಣಕ್ಕೆ ಕೀಳೆಂದು ಕಂಡಿದ್ದೇವೆ?

3. ತಪ್ಪು ನಮ್ಮ ಕಡೆಯವರದಾದಾಗ, ದೊರೆ ಹುಸೇನರಂತೆ ಹೋಗಿ ಮಂಡಿಯೂರಬೇಕಾದ ಮನೆ ಯಾವುದಾದರೂ ಇದೆಯೇ? ಈ ವಾರ ಅಲ್ಲಿಗೆ ಹೋಗಲು ಸಾಧ್ಯವೇ?